ಕೇಳುಗರಿಲ್ಲದ ಹಾಡುಗಾರಿಕೆ

ಅಮೆರಿಕಕ್ಕೆ ಹೊರಟು ನಿಂತ ತರುಣರು ವೀಸಾ, ಮನೆ ಬಾಡಿಗೆ, ಸಂಬಳಗಳ ವಿಚಾರವನ್ನು ವಿವರವಾಗಿ ವಿಚಾರಿಸುತ್ತಾರೆ. ಆ ನೆಲದ ಹಳೆಯ ಬದುಕಿನ ಬಗ್ಗೆ ಕೇಳುವವರು ವಿರಳ. ಊರಿನಲ್ಲಿರುವ ಹಿರಿಯ ಬಂಧುಗಳಂತೂ ಅಲ್ಲಿ ಪರಂಪರೆ ಎಂಬುದೇ ಇಲ್ಲವೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ ಹಲವು ವರ್ಷಗಳಿಂದ ನೆಲೆಸಿರುವ ನಾನು ಈ ತೀರ್ಮಾನವನ್ನು ಒಪ್ಪಲಾರೆ. ಇಲ್ಲಿನ ಹಳ್ಳಿಗಾಡಿನಲ್ಲಿ, ಬಹುಮಟ್ಟಿಗೆ ಬ್ಯಾಪ್ಟಿಸ್ಟ್ ಸಮುದಾಯಗಳ ನಡುವೆ, ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿ ಇಂದಿಗೂ ಜೀವಂತವಾಗಿರುವ ‘ಶೇಪ್ ನೋಟ್’ ಹಾಡುಗಾರಿಕೆಯೊಂದಿದೆ. ಪರಂಪರೆಯನ್ನು ಉಳಿಸಿಕೊಳ್ಳುವ ಬಗೆಯನ್ನು ನಮ್ಮ ವಲಸಿಗ ಸಂಘಗಳೇ ಅದರಿಂದ ಕಲಿಯಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಆ ಪದ್ಧತಿ ಹುಟ್ಟಿದ್ದು ಒಂದು ಸರಳವಾದ ಕೊರತೆಯಿಂದ. ವಸಾಹತು ಕಾಲದ ಆರಾಧನಾ ಮಂದಿರಗಳಲ್ಲಿ ಪುಸ್ತಕಗಳೂ ಕಡಿಮೆ, ಓದಬಲ್ಲವರೂ ಕಡಿಮೆ. ಮುಂದಾಳು ಕೀರ್ತನೆಯ ಒಂದು ಸಾಲನ್ನು ಹೇಳಿಕೊಟ್ಟರೆ ಸಭೆ ಅದನ್ನು ಹಾಡುತ್ತಿತ್ತು. ನಮ್ಮ ಭಜನೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಆದರೆ ನಾಲ್ಕು ಧ್ವನಿಗಳು ನಾಲ್ಕು ಬೇರೆ ಬೇರೆ ಜಾಡಿನಲ್ಲಿ ಸಾಗಿ ಒಂದಾಗುವ ಸಂಗೀತವನ್ನು ಹೀಗೆ ಕಲಿಸಲಾಗದು. ಅದಕ್ಕೆ ಸ್ವರಲಿಪಿಯನ್ನು ಓದಲು ಬರಬೇಕು. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯೋ, ಹೊಲದಲ್ಲಿ ದುಡಿಯುವವರಿಗೆ ಸುಲಭವಾಗಿ ಕೈಗೆಟುಕುವಂಥದ್ದಾಗಿರಲಿಲ್ಲ.

1801ರಲ್ಲಿ ವಿಲಿಯಂ ಲಿಟ್ಲ್ ಮತ್ತು ವಿಲಿಯಂ ಸ್ಮಿತ್ ಎಂಬವರು ಪ್ರಕಟಿಸಿದ ‘ದಿ ಈಸಿ ಇನ್‌ಸ್ಟ್ರಕ್ಟರ್’ ಎಂಬ ಪುಸ್ತಕ ಈ ತೊಡಕಿಗೆ ಪರಿಹಾರ ಸೂಚಿಸಿತು. ಇಂಗ್ಲೆಂಡಿನಿಂದ ಬಂದ ಹಳೆಯ ಪದ್ಧತಿಯಲ್ಲಿ ಏಳು ಸ್ವರಗಳನ್ನು ನಾಲ್ಕೇ ಹೆಸರುಗಳಿಂದ ಹಾಡುತ್ತಿದ್ದರು: ಫಾ, ಸೋಲ್, ಲಾ, ಮತ್ತೆ ಫಾ, ಸೋಲ್, ಲಾ, ಕೊನೆಗೆ ಮಿ. ಈ ಪುಸ್ತಕದವರು ಒಂದೊಂದು ಹೆಸರಿಗೂ ಒಂದೊಂದು ಆಕಾರವನ್ನು ಕೊಟ್ಟರು. ಫಾ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರಾಕೃತಿ. ಶ್ರುತಿ ಯಾವುದೇ ಇರಲಿ, ಆಕಾರವನ್ನು ಕಂಡೊಡನೆ ಸ್ವರದ ಹೆಸರು ನಾಲಗೆಗೆ ಬರುತ್ತಿತ್ತು. ಇಷ್ಟಾದರೂ ಅವರು ಐದು ಗೆರೆಗಳನ್ನು ಅಳಿಸಲಿಲ್ಲ. ಆಕಾರಗಳನ್ನು ಆ ಗೆರೆಗಳ ಮೇಲೆಯೇ ಕೂರಿಸಿದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಇದೇ ನಾಲ್ಕು ಆಕಾರಗಳನ್ನು ಬಳಸಿ ದಕ್ಷಿಣ ಕೆರೊಲಿನಾದ ಬ್ಯಾಪ್ಟಿಸ್ಟ್ ಗಾಯಕ ವಿಲಿಯಂ ವಾಕರ್ 1835ರಲ್ಲಿ ‘ದಿ ಸದರ್ನ್ ಹಾರ್ಮನಿ’ಯನ್ನು ಸಂಕಲಿಸಿದರು. ಜಗತ್ತಿಗೆಲ್ಲ ಪರಿಚಿತವಾಗಿರುವ ‘ಅಮೇಜಿಂಗ್ ಗ್ರೇಸ್’ ಕೀರ್ತನೆ ಮೊದಲು ಅಚ್ಚಾದದ್ದು 1779ರಲ್ಲಿ, ಇಂಗ್ಲೆಂಡಿನಲ್ಲಿ. ಆದರೆ ಇಂದು ನಾವು ಕೇಳುವ ಧಾಟಿಯೊಡನೆ ಅದರ ಸಾಹಿತ್ಯವನ್ನು ಜೋಡಿಸಿದ್ದು ವಾಕರರ ಪುಸ್ತಕ. 1844ರಲ್ಲಿ ಜಾರ್ಜಿಯಾದ ಬಿ.ಎಫ್. ವೈಟ್ ಮತ್ತು ಇ.ಜೆ. ಕಿಂಗ್ ‘ದಿ ಸೇಕ್ರೆಡ್ ಹಾರ್ಪ್’ ಎಂಬ ಸಂಕಲನವನ್ನು ಹೊರತಂದರು. ಅದು ಪರಿಷ್ಕರಣೆಗೊಳ್ಳುತ್ತ ಇಂದಿಗೂ ಬಳಕೆಯಲ್ಲಿದೆ. ಹೆಸರಿನ ಅರ್ಥ ‘ಪವಿತ್ರ ವೀಣೆ’ ಎಂದಾದರೂ ಅಲ್ಲಿ ವಾದ್ಯವೇ ಇಲ್ಲ. ಮನುಷ್ಯನ ಕಂಠವೇ ಆ ವೀಣೆ ಎನ್ನುತ್ತಾರೆ ಹಾಡುವವರು. ದೇಹವನ್ನು ‘ಗಾತ್ರವೀಣೆ’ ಎಂದು ಕರೆದ ನಮ್ಮ ಶಾಸ್ತ್ರಕಾರರಿಗೆ ಈ ಮಾತು ಹಿಡಿಸುತ್ತಿತ್ತು.

ಸಂಚಾರಿ ಶಿಕ್ಷಕರು ಬೇಸಾಯದ ಬಿಡುವಿನ ದಿನಗಳಲ್ಲಿ ಹಳ್ಳಿಗೆ ಬಂದು ಕೆಲವು ದಿನಗಳ ‘ಹಾಡಿನ ಶಾಲೆ’ ನಡೆಸುತ್ತಿದ್ದರು. ಅಲ್ಲಿ ಕಲಿತ ಧಾಟಿಗಳು ಭಾನುವಾರದ ಆರಾಧನೆಗೂ ಬಂದವು. ‘ಪ್ರಿಮಿಟಿವ್ ಬ್ಯಾಪ್ಟಿಸ್ಟ್’ ಎಂಬ ಪಂಗಡದವರು ಆರಾಧನೆಯಲ್ಲಿ ವಾದ್ಯಗಳನ್ನೇ ಒಲ್ಲದವರು. ಬೆಂಜಮಿನ್ ಲಾಯ್ಡ್ 1841ರಲ್ಲಿ ಅವರಿಗಾಗಿ ಹೊರತಂದ ಕೀರ್ತನ ಸಂಗ್ರಹದಲ್ಲಿ ಸಾಹಿತ್ಯ ಮಾತ್ರವಿತ್ತು, ಸ್ವರಗಳಿರಲಿಲ್ಲ. ಧಾಟಿ ಜನರ ನೆನಪಿನಲ್ಲೇ ಇದ್ದುದರಿಂದ ಅದು ಸಾಕಾಗಿತ್ತು.

ಇಂಥ ಹಾಡಿನ ಕೂಟಗಳಲ್ಲಿ ನಾನು ಕುಳಿತಿದ್ದೇನೆ. ನಾಲ್ಕು ಧ್ವನಿಯವರು ನಾಲ್ಕು ಬದಿಗಳಲ್ಲಿ, ಒಬ್ಬರಿಗೊಬ್ಬರು ಅಭಿಮುಖವಾಗಿ ಚೌಕಾಕಾರದಲ್ಲಿ ಕೂರುತ್ತಾರೆ. ನಡುವಿನ ಖಾಲಿ ಜಾಗದಲ್ಲಿ ನಿಂತು ಒಬ್ಬರು ಹಾಡನ್ನು ನಡೆಸುತ್ತಾರೆ; ಮುಗಿದೊಡನೆ ಮತ್ತೊಬ್ಬರು. ಹತ್ತು ವರ್ಷದ ಮಗುವಿಗೂ ಎಂಬತ್ತರ ಅಜ್ಜಿಗೂ ಸರದಿ ಬರುತ್ತದೆ. ಮೊದಲು ಫಾ-ಸೋಲ್-ಲಾ ಎಂದು ಸ್ವರಗಳನ್ನು ಹಾಡಿ, ಬಳಿಕ ಸಾಹಿತ್ಯವನ್ನು ಹಾಡುತ್ತಾರೆ. ಗೀತೆಗಳನ್ನು ಮೊದಲು ಸ್ವರದಲ್ಲಿ, ಅನಂತರ ಸಾಹಿತ್ಯದಲ್ಲಿ ಕಲಿತ ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ಇದು ಮನೆಯ ಪಾಠದಂತೆಯೇ ತೋರುತ್ತದೆ. ದನಿ ಗಟ್ಟಿ, ಒರಟು. ನಯಗಾರಿಕೆಗೆ ಅಲ್ಲಿ ಬೆಲೆಯಿಲ್ಲ. ಮಧ್ಯಾಹ್ನ ಎಲ್ಲರೂ ತಂದ ಅಡುಗೆಯ ಸಹಭೋಜನ. ವೇದಿಕೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಹಾಡು ಇರುವುದು ಹಾಡುವವರಿಗಾಗಿಯೇ.

ಈ ಸಂಗೀತಕ್ಕೆ ಎದುರಾಳಿಗಳಿರಲಿಲ್ಲವೆಂದಲ್ಲ. ಬಾಸ್ಟನ್ನಿನ ಲೋವೆಲ್ ಮೇಸನ್ ಮೊದಲಾದ ಸುಧಾರಕರು ಯುರೋಪಿನ ಮಾದರಿಯ ‘ಸುಸಂಸ್ಕೃತ’ ಸಂಗೀತವನ್ನು ಶಾಲೆಗಳಿಗೂ ಚರ್ಚುಗಳಿಗೂ ತಂದರು. ಉತ್ತರದ ನಗರಗಳಲ್ಲಿ ಆಕಾರದ ಸ್ವರಗಳು ಹಳ್ಳಿಗರ ಸರಕೆನಿಸಿ ಮೂಲೆಗೆ ಸರಿದವು. ಆದರೂ ದಕ್ಷಿಣದಲ್ಲಿ ಅವು ಉಳಿದವು. ಕಾರಣ, ಅಲ್ಲಿನ ಹಾಡಿಗೆ ಒಳ್ಳೆಯ ಗಾಯಕರು ಬೇಕಿರಲಿಲ್ಲ. ಬಂದು ಕೂರುವ ಜನ ಬೇಕಿತ್ತು.

ಹಾಗೆಂದು ಆ ಚೌಕದಲ್ಲಿ ಎಲ್ಲರಿಗೂ ಸಮಾನ ಸ್ಥಾನವಿತ್ತೆಂದು ಹೇಳಿದರೆ ಅದು ಅಸತ್ಯವಾದೀತು. ‘ದಿ ಸೇಕ್ರೆಡ್ ಹಾರ್ಪ್’ ಪ್ರಕಟವಾದ ಮರುವರ್ಷವೇ, 1845ರಲ್ಲಿ, ಗುಲಾಮರ ಒಡೆಯರನ್ನು ಧರ್ಮಪ್ರಚಾರಕರನ್ನಾಗಿ ನೇಮಿಸಬಹುದೇ ಎಂಬ ವಿವಾದದಿಂದ ಉತ್ತರದವರೊಡನೆ ಮುರಿದುಕೊಂಡು, ಇದೇ ಜಾರ್ಜಿಯಾದ ಅಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿತು. ಕಪ್ಪು ಜನರೂ ಈ ಹಾಡುಗಳನ್ನು ತಮ್ಮದಾಗಿಸಿಕೊಂಡರು. ಆದರೆ ಬೇರೆಯಾಗಿಯೇ ಹಾಡಬೇಕಾಯಿತು. 1934ರಲ್ಲಿ ಅಲಬಾಮಾದ ಜಡ್ಜ್ ಜಾಕ್ಸನ್ ‘ದಿ ಕಲರ್ಡ್ ಸೇಕ್ರೆಡ್ ಹಾರ್ಪ್’ ಎಂಬ ತಮ್ಮದೇ ಪುಸ್ತಕವನ್ನು ಹೊರತಂದರು. ಒಂದು ನಾಡಿನ ಪರಂಪರೆಯನ್ನು ಮೆಚ್ಚುವವರು ಅದರ ಕಲೆಯನ್ನೂ ಕಾಣಬೇಕು.

ಇನ್ನು ನಮ್ಮ ವಿಷಯ. ಹೊರನಾಡಿನಲ್ಲಿ ಕನ್ನಡವೆಂದರೆ ಬಹುಪಾಲು ವೇದಿಕೆಯ ಕಾರ್ಯಕ್ರಮ. ರಾಜ್ಯೋತ್ಸವದಂದು ಮಕ್ಕಳು ಹಾಡುತ್ತಾರೆ, ಹೆತ್ತವರು ಮೊಬೈಲ್ ಎತ್ತಿ ಹಿಡಿಯುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ವೇದಿಕೆ ಬೇಡವೆಂದು ನಾನು ವಾದಿಸುತ್ತಿಲ್ಲ; ಅದು ಮಕ್ಕಳಿಗೆ ಧೈರ್ಯವನ್ನೂ ದೊಡ್ಡವರಿಗೆ ಸಂಭ್ರಮವನ್ನೂ ಕೊಡುತ್ತದೆ. ಆದರೆ ನೂರು ಜನ ಕೇಳಿ ನಾಲ್ಕು ಮಂದಿ ಹಾಡುವ ಭಾಷೆ ಮುಂದಿನ ತಲೆಮಾರಿಗೆ ದಾಟಲಾರದು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಒಬ್ಬರಿಗೊಬ್ಬರು ಎದುರಾಗಿ ಕುಳಿತು, ವಚನವನ್ನೋ ದಾಸರ ಪದವನ್ನೋ ಭಾವಗೀತೆಯನ್ನೋ ಸರದಿಯಂತೆ ಎಲ್ಲರೂ ಹಾಡಲು ಖರ್ಚೇನೂ ಇಲ್ಲ. ಶ್ರುತಿ ತಪ್ಪುವವರಿಗೂ ಅಲ್ಲಿ ಜಾಗವಿರಬೇಕು.

ಲಿಪಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಇಲ್ಲಿ ಬೆಳೆದ ಬಹಳಷ್ಟು ಮಕ್ಕಳು ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತಾರೆ. ನನ್ನ ಮಗಳೂ ಅವರಲ್ಲೊಬ್ಬಳು. ಇದು ಅಪಚಾರವೆನ್ನುವವರಿದ್ದಾರೆ, ಇಷ್ಟೇ ಸಾಕೆನ್ನುವವರೂ ಇದ್ದಾರೆ. ಶೇಪ್ ನೋಟ್ ತೋರುವ ದಾರಿ ಇವೆರಡಕ್ಕಿಂತ ಭಿನ್ನ. ಅದು ಕಲಿಯುವವನಿಗೆ ಊರುಗೋಲು ಕೊಟ್ಟಿತು, ಆದರೆ ಐದು ಗೆರೆಗಳನ್ನು ತೆಗೆಯಲಿಲ್ಲ. ಆಕಾರವನ್ನು ನೋಡುತ್ತ ಹಾಡುವವನ ಕಣ್ಣು ಗೆರೆಗಳಿಗೂ ಪಳಗುತ್ತಿತ್ತು. ನಮ್ಮ ಹಾಡಿನ ಹಾಳೆಯಲ್ಲಿಯೂ ಕನ್ನಡದ ಸಾಲು ಮೇಲಿರಲಿ, ಇಂಗ್ಲಿಷ್ ಅಕ್ಷರದ ಸಾಲು ಅದರಡಿಯಲ್ಲಿರಲಿ. ಹಾಡುತ್ತ ಹಾಡುತ್ತ ಕಣ್ಣು ಮೇಲಿನ ಸಾಲಿಗೆ ಏರೀತು. ಮೇಲಿನ ಸಾಲೇ ಇಲ್ಲದಿದ್ದರೆ ಏರುವುದೆಲ್ಲಿಗೆ?

ಈ ದೇಶಕ್ಕೆ ಬರಲಿರುವವರಿಗೆ ನನ್ನ ವಿನಂತಿ ಇಷ್ಟೇ. ದಕ್ಷಿಣದ ಯಾವುದೇ ಊರಿಗೆ ಕೆಲಸಕ್ಕೆ ಬಂದರೂ ಒಂದು ದಿನ ಬಿಡುವು ಮಾಡಿಕೊಂಡು ಇಂಥ ಕೂಟಕ್ಕೆ ಹೋಗಿ. ಹೊಸಬರಿಗೆ ಕೈಗೊಂದು ಪುಸ್ತಕ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಊರಿನ ಬಂಧುಗಳು ಮಾಡಬಹುದಾದದ್ದೂ ಒಂದಿದೆ. ಮೊಮ್ಮಕ್ಕಳು ಕಳುಹಿಸುವ ವೇದಿಕೆಯ ವಿಡಿಯೊ ನೋಡಿ ಮೆಚ್ಚುವುದರ ಜೊತೆಗೆ, ಮುಂದಿನ ಸಲ ಮಾತಿಗೆ ಸಿಕ್ಕಾಗ ಅದೇ ಹಾಡನ್ನು ಅವರೊಡನೆ ನೀವೂ ಹಾಡಿ.