ಪರದೇಶದ ವಿದ್ಯೆ: ಸಾಲದ ಚೀಟಿ ಯಾರ ಹೆಸರಿನಲ್ಲಿ?

ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳು ಬಂದವೆಂದರೆ ಜಿಲ್ಲಾ ಕೇಂದ್ರಗಳ ಗೋಡೆಗಳಿಗೆ ಹೊಸ ಬಣ್ಣ ಬರುತ್ತದೆ. ಅಮೆರಿಕ, ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಗಳ ಬಾವುಟ ಹೊತ್ತ ಫಲಕಗಳು ಬಸ್ ನಿಲ್ದಾಣದಿಂದ ಗಿರಣಿಯ ಬಾಗಿಲವರೆಗೂ ಏಳುತ್ತವೆ. ಹಿಂದೆ ಈ ಮಾತು ಜಮೀನ್ದಾರರ, ದೊಡ್ಡ ವಕೀಲರ ಮನೆಗಳಿಗೆ ಮಾತ್ರ ಸೇರಿದ್ದಾಗಿತ್ತು. ಇಂದು ಪಾಳಿ ಮುಗಿಸಿ ಬಂದ ಕಾರ್ಮಿಕನ ಮನೆಯಲ್ಲೂ, ಸಂಜೆ ಗಲ್ಲಾ ಎಣಿಸುವ ಕಿರಾಣಿ ಅಂಗಡಿಯಲ್ಲೂ ಅದೇ ಮಾತು: ಮಗನನ್ನು ಹೊರಗೆ ಕಳಿಸೋಣವೇ? ಮಗಳು ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಏನು ಮಾಡೋಣ?

ಈ ಆಸೆಯನ್ನು ನಾವು ಹೀಗಳೆಯುವವರಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರದೇ ಮಾತು. ಉಳ್ಳವರ ಮಕ್ಕಳು ಹೋದರೆ ಪ್ರತಿಭೆ, ದುಡಿಯುವವರ ಮಕ್ಕಳು ಹೋದರೆ ದುರಾಸೆ ಎನ್ನುವ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಭಾರತದ 13 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೊರದೇಶಗಳಲ್ಲಿ ಇದ್ದಾರೆಂದು 2024ರ ಸರ್ಕಾರಿ ಲೆಕ್ಕವೇ ಹೇಳಿತು. 2024-25ರಲ್ಲಿ ಅಮೆರಿಕವೊಂದರಲ್ಲೇ 3 ಲಕ್ಷ 63 ಸಾವಿರ ಮಂದಿ ಇದ್ದರು. ಇವರೆಲ್ಲರೂ ಸಿರಿವಂತರ ಮಕ್ಕಳಲ್ಲ. ಅದಕ್ಕಾಗಿಯೇ ಈ ವಿಷಯವನ್ನು ಹಣದ ಲೆಕ್ಕದಲ್ಲಿಯೂ ನ್ಯಾಯದ ಲೆಕ್ಕದಲ್ಲಿಯೂ ತೂಗಿ ನೋಡಬೇಕಾಗಿದೆ.

ಮೊದಲು ಹಣದ ಲೆಕ್ಕ. ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ 30 ಲಕ್ಷ ರೂ. ಸಾಲ ಎಂದಿಟ್ಟುಕೊಳ್ಳಿ, ಬಡ್ಡಿ ಶೇ. 11. ಮೊದಲ ವರ್ಷ ಅರ್ಧ, ಎರಡನೆಯ ವರ್ಷ ಅರ್ಧ ಹಣ ಪಡೆದು, ಓದು ಮುಗಿದು ಒಂದು ವರ್ಷದ ಮೇಲೆ ಕಂತು ಆರಂಭವಾಗುವುದೆಂದರೆ, ಅಷ್ಟರಲ್ಲಿ ಸರಳ ಬಡ್ಡಿಯೇ 8 ಲಕ್ಷ 25 ಸಾವಿರ ಬೆಳೆದಿರುತ್ತದೆ. ಅದನ್ನು ಅಸಲಿಗೆ ಸೇರಿಸಿ ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 52,700 ರೂ. ಕೊನೆಗೆ ಕಟ್ಟಿದ ಒಟ್ಟು ಹಣ ಸುಮಾರು 63 ಲಕ್ಷ. ತಿಂಗಳಿಗೆ 18 ಸಾವಿರ ಕೂಲಿ ಕೈಗೆ ಬರುವ ಮನೆಗೆ ಇದು ಮೂರು ತಿಂಗಳ ದುಡಿಮೆಗೆ ಹತ್ತಿರ. ಅದೂ ಒಂದೇ ತಿಂಗಳ ಕಂತಿಗೆ.

ಅಲ್ಲಿಯೇ ಕೆಲಸ ಸಿಕ್ಕಿ ಡಾಲರಿನಲ್ಲಿ ಸಂಬಳ ಬಂದರೆ ಈ ಸಾಲ ನಾಲ್ಕೈದು ವರ್ಷಗಳಲ್ಲಿ ತೀರೀತು. ಹಾಗೆ ತೀರಿಸಿ, ಊರಿನಲ್ಲಿ ಮನೆ ಕಟ್ಟಿಸಿ, ತಮ್ಮ ತಂಗಿಯರನ್ನು ಓದಿಸಿದವರೂ ಇದ್ದಾರೆ. ಅವರ ಶ್ರಮಕ್ಕೆ ನಮ್ಮ ಗೌರವವಿದೆ. ಆದರೆ ಕೆಲಸ ಸಿಗದೆ ಹಿಂದಿರುಗಿ ಇಲ್ಲಿ 40 ಸಾವಿರದ ನೌಕರಿ ಹಿಡಿದರೆ ಕಂತೇ ಸಂಬಳಕ್ಕಿಂತ ದೊಡ್ಡದು. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸ್ಥಿರಾಸ್ತಿಯ ಆಧಾರ ಕೇಳುವುದು ಬ್ಯಾಂಕುಗಳ ಸಾಮಾನ್ಯ ಪದ್ಧತಿ. ತಂದೆ ತಾಯಿಗಳೂ ಸಹ ಸಾಲಗಾರರಾಗಿ ರುಜು ಹಾಕಬೇಕು. ಮಗ ತಪ್ಪಿದರೆ ನೋಟೀಸು ಬರುವುದು ಅಪ್ಪನ ವಿಳಾಸಕ್ಕೆ. ಅಡಮಾನವಾಗುವುದು ಇಪ್ಪತ್ತು ವರ್ಷ ದುಡಿದು ಕಟ್ಟಿದ ಎರಡು ಕೋಣೆಯ ಮನೆ, ಅಥವಾ ಸಂಸಾರವನ್ನೇ ಸಾಕುವ ಅಂಗಡಿ. ಇನ್ನೊಂದು ಬೆಲೆಯೂ ಇದೆ. ಅದನ್ನು ಯಾರೂ ಬರೆದಿಡುವುದಿಲ್ಲ. ದೊಡ್ಡ ಮಗನ ವಿಮಾನದ ಚೀಟಿಗಾಗಿ ಕಿರಿಯ ಮಗಳ ಓದು ಪಿ.ಯು.ಸಿ.ಗೇ ನಿಂತರೆ, ಆ ನಷ್ಟವನ್ನು ಯಾವ ಬ್ಯಾಂಕೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂದಮೇಲೆ ಎಲ್ಲವೂ ನಿಂತಿರುವುದು ಅಲ್ಲಿ ಕೆಲಸ ಸಿಗುವುದರ ಮೇಲೆ. ಅದು ನಿಂತಿರುವುದು ಹುಡುಗನ ಬುದ್ಧಿಯ ಮೇಲೆ ಮಾತ್ರವಲ್ಲ, ಆ ದೇಶದ ವೀಸಾ ಕಾನೂನಿನ ಮೇಲೆ. ಆ ಕಾನೂನುಗಳು ಈಚೆಗೆ ಹೇಗೆ ತಿರುಗಿವೆ ನೋಡಿ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿ ಆ ವರ್ಷ ಶೇ. 35ರಷ್ಟು ಕಡಿತವನ್ನು ಸಾರಿತು. ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣವನ್ನು 10,000 ಡಾಲರಿನಿಂದ 20,635ಕ್ಕೆ, 2025ರ ಸೆಪ್ಟೆಂಬರಿನಲ್ಲಿ 22,895ಕ್ಕೆ ಏರಿಸಿತು. ಆಸ್ಟ್ರೇಲಿಯ 710 ಡಾಲರ್ ಇದ್ದ ವೀಸಾ ಶುಲ್ಕವನ್ನು 2024ರ ಜುಲೈನಲ್ಲಿ 1,600ಕ್ಕೂ, ಮರುವರ್ಷ 2,000ಕ್ಕೂ ಒಯ್ದಿತು. ನಮ್ಮ ಹಣದಲ್ಲಿ ಲಕ್ಷ ರೂಪಾಯಿಗೂ ಮೇಲು. ವೀಸಾ ಸಿಗದಿದ್ದರೂ ಅದು ಹಿಂದಿರುಗುವುದಿಲ್ಲ. ಬ್ರಿಟನ್ ಓದಿನ ನಂತರ ಕೆಲಸ ಹುಡುಕಲು ಕೊಡುವ ಎರಡು ವರ್ಷದ ಅವಧಿಯನ್ನು 2027ರ ಜನವರಿಯಿಂದ ಹದಿನೆಂಟು ತಿಂಗಳಿಗೆ ಇಳಿಸಲು ನಿರ್ಧರಿಸಿತು. ಅಮೆರಿಕದ ಅಧ್ಯಕ್ಷರು 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ನೌಕರರನ್ನು ಕರೆಸುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಸಾಲ ಹತ್ತು ವರ್ಷದ್ದು. ಅದು ತೀರುವ ದಾರಿಯನ್ನು ಒಂದೇ ಬೆಳಗಿನ ಆಜ್ಞೆ ಮುಚ್ಚಬಹುದು. ಈ ಆಜ್ಞೆಗಳಲ್ಲಿ ನಮ್ಮ ಮತವಿಲ್ಲ, ನಮ್ಮ ಸಂಘವಿಲ್ಲ.

ರೂಪಾಯಿಯ ಮಾತೂ ಇದೆ. 1966ರ ಜೂನ್‌ನಲ್ಲಿ 4 ರೂ. 76 ಪೈಸೆಯ ಡಾಲರ್ ಒಂದೇ ರಾತ್ರಿಯಲ್ಲಿ 7 ರೂ. 50 ಪೈಸೆ ಆದುದನ್ನು ಹಳಬರು ನೆನೆಯುತ್ತಾರೆ. ಈಗ ಹಾಗೆ ರಾತ್ರೋರಾತ್ರಿ ಬೀಳದಿದ್ದರೂ, 2014ರಲ್ಲಿ 60 ರೂ. ಆಸುಪಾಸಿನಲ್ಲಿದ್ದ ಡಾಲರ್ 2025ರ ಡಿಸೆಂಬರಿನಲ್ಲಿ 90 ದಾಟಿತು. ಮೊದಲ ವರ್ಷದ ಶುಲ್ಕಕ್ಕೆ ಮಾಡಿದ ಅಂದಾಜು ಎರಡನೆಯ ವರ್ಷಕ್ಕೆ ಸಾಲದು.

ಓದುತ್ತಲೇ ದುಡಿದು ಶುಲ್ಕ ಕಟ್ಟಬಹುದೆಂದು ಹೇಳುವವರಿದ್ದಾರೆ. ಜಯಪ್ರಕಾಶ ನಾರಾಯಣರು 1922ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ ದ್ರಾಕ್ಷಿ ತೋಟದಲ್ಲಿ ದುಡಿದು, ಹೋಟೆಲಿನಲ್ಲಿ ತಟ್ಟೆ ತೊಳೆದು ಓದಿದವರು. ಬರ್ಕ್ಲಿಯ ಶುಲ್ಕ ಏರಿದಾಗ ಅದನ್ನು ಬಿಟ್ಟು ಅಯೋವಾಕ್ಕೆ ಹೋದರು. 1929ರಲ್ಲಿ ಸ್ವದೇಶಕ್ಕೆ ಮರಳಿದರು. ಆದರೆ ಆ ದಾರಿ ಈಗ ಕಾನೂನಿನಿಂದಲೇ ಕಿರಿದಾಗಿದೆ. ಪಾಠ ನಡೆಯುವ ದಿನಗಳಲ್ಲಿ ಅಮೆರಿಕದಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ, ಬ್ರಿಟನ್ನಿನಲ್ಲಿ 20 ಗಂಟೆ, ಕೆನಡಾದಲ್ಲಿ ಹೊರಗೆ 24 ಗಂಟೆ: ದುಡಿಮೆಗೆ ಇಷ್ಟೇ ಅವಕಾಶ. ಅದರಿಂದ ಊಟ ಬಾಡಿಗೆಗಳಿಗೆ ಒಂದಿಷ್ಟು ಆದೀತು; ಕಾಲೇಜಿನ ಶುಲ್ಕ ಹುಟ್ಟದು.

ಡಾಕ್ಟರಿಕೆಯ ಆಸೆಗೆ ಹೊರಟವರ ಸ್ಥಿತಿ ಇನ್ನೂ ಕಠಿಣ. ಇಲ್ಲಿಯ ಖಾಸಗಿ ಕಾಲೇಜುಗಳ ಶುಲ್ಕ ಕೇಳಿ ಬೆಚ್ಚಿದ ಮನೆಗಳು ಮಕ್ಕಳನ್ನು ಉಕ್ರೇನ್, ರಷ್ಯ, ಜಾರ್ಜಿಯ, ಕಿರ್ಗಿಸ್ತಾನಗಳಿಗೆ ಕಳಿಸಿದವು. 2022ರ ಫೆಬ್ರವರಿಯಲ್ಲಿ ಯುದ್ಧ ಸಿಡಿದಾಗ ಸಾವಿರಾರು ಮಕ್ಕಳು ನೆಲಮಾಳಿಗೆಗಳಲ್ಲಿ ಅಡಗಿ ಕೂತರು. ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಹಾರ್ಕಿವ್‌ನಲ್ಲಿ ಮಡಿದ. ಓದು ಮುಗಿಸಿ ಬಂದವರೂ ಇಲ್ಲಿ ಅರ್ಹತಾ ಪರೀಕ್ಷೆ ದಾಟಬೇಕು. 2025ರ ಜೂನ್ ತಿಂಗಳ ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಕಡಿಮೆ ಶುಲ್ಕವೆಂದು ಹೊರಡುವ ಮುನ್ನ ಈ ಅಂಕಿಯನ್ನು ತಂದೆ ತಾಯಿಗಳು ತಿಳಿದಿರಬೇಕು.

ಹಾಗಾದರೆ ಹೋಗಲೇಬಾರದೇ? ಹಾಗಲ್ಲ. ದಾರಿಗಳಲ್ಲಿ ಭೇದವಿದೆ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾನಿಲಯಗಳು ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳಲ್ಲಿ ಪಿಎಚ್.ಡಿ.ಗೆ ಆರಿಸಿದ ವಿದ್ಯಾರ್ಥಿಯ ಶುಲ್ಕವನ್ನು ಸಾಮಾನ್ಯವಾಗಿ ಬಿಟ್ಟು, ಮೇಲೆ ವೇತನವನ್ನೂ ಕೊಡುತ್ತವೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡನ್-ವುರ್ಟೆಂಬರ್ಗ್ ಪ್ರಾಂತ ಮಾತ್ರ 2017ರಿಂದ ಹೊರಗಿನವರಿಗೆ ಅರ್ಧ ವರ್ಷಕ್ಕೆ 1,500 ಯೂರೋ ಹಾಕಿದೆ. ಆದರೂ ಮೊದಲ ವರ್ಷದ ಜೀವನಕ್ಕೆ ಸುಮಾರು 12 ಲಕ್ಷ ರೂ. ಖಾತೆಯಲ್ಲಿ ತೋರಿಸಬೇಕು, ಭಾಷೆ ಕಲಿಯಬೇಕು. ಕಾಮನ್‌ವೆಲ್ತ್, ಫುಲ್‌ಬ್ರೈಟ್-ನೆಹರು, ಎರಾಸ್ಮಸ್ ವೇತನಗಳಿವೆ. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದಲ್ಲೇ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. ವೇತನ ಸಿಕ್ಕ ಮಗುವನ್ನು ಧೈರ್ಯವಾಗಿ ಕಳಿಸಿ. ಸಾಲವೇ ದಾರಿಯಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿ ಕೆಲಸ ಸಿಗದೆ ಬಂದರೂ ಇಲ್ಲಿಯ ಸಂಬಳದಲ್ಲಿ ಈ ಕಂತು ಕಟ್ಟಲಾದೀತೇ? ಆದೀತೆಂದರೆ ಹೊರಡಿ. ಆಗದೆಂದರೆ, ಅದು ವಿದ್ಯೆಯ ಖರ್ಚಲ್ಲ, ಮನೆಯನ್ನು ಪಣಕ್ಕಿಟ್ಟ ಜೂಜು.

ದಲ್ಲಾಳಿಗಳ ಮಾತನ್ನು ದೂರವಿಡಿ. ಸಲಹೆ ಪುಕ್ಕಟೆ ಎನ್ನುವ ಕಚೇರಿಗಳಿಗೆ ಅನೇಕ ವೇಳೆ ಅಲ್ಲಿಯ ಕಾಲೇಜುಗಳಿಂದಲೇ ತಲೆಗಿಷ್ಟೆಂದು ದಸ್ತೂರಿ ಬರುತ್ತದೆ. ಮಂಡಿಯ ದಲಾಲಿಯನ್ನು ಬಲ್ಲ ನಮ್ಮ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮಾರುವವನಿಂದ ಹಣ ಪಡೆದವನು ಕೊಳ್ಳುವವನ ಹಿತ ನೋಡುವುದಿಲ್ಲ. 2023ರಲ್ಲಿ ಕೆನಡಾದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಏಜೆಂಟರು ಕೊಟ್ಟ ನಕಲಿ ಪ್ರವೇಶ ಪತ್ರಗಳಿಂದಾಗಿ ಗಡೀಪಾರಿನ ನೋಟೀಸು ಎದುರಿಸಬೇಕಾಯಿತು. ಕಾಲೇಜಿಗೆ ನೇರವಾಗಿ ಬರೆಯಿರಿ. ಅಲ್ಲಿ ಓದಿದ, ಓದುತ್ತಿರುವ ನಮ್ಮ ಕಡೆಯ ಮಕ್ಕಳನ್ನು ಕೇಳಿ.

ಈಗ ನ್ಯಾಯದ ಲೆಕ್ಕ. ಡಾ. ಅಂಬೇಡ್ಕರರು 1913ರಲ್ಲಿ ಕೊಲಂಬಿಯಾಕ್ಕೆ ಹೋದುದು ಬರೋಡಾ ಸಂಸ್ಥಾನದ ವೇತನದಿಂದ. ಅದರ ಅವಧಿ ಮುಗಿದಾಗ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದು, ತಾವೇ ಕೂಡಿಟ್ಟ ಹಣ ಮತ್ತು ಹಿತೈಷಿಗಳ ನೆರವಿನಿಂದ 1920ರಲ್ಲಿ ಮತ್ತೆ ಹೋದರು. ಒಂದು ಸಂಸ್ಥಾನ ಕೊಟ್ಟ ವೇತನ ದೇಶಕ್ಕೆ ಸಂವಿಧಾನ ಶಿಲ್ಪಿಯನ್ನು ಕೊಟ್ಟಿತು. ಇಂದಿನ ಗಣರಾಜ್ಯ ಏನು ಕೊಡುತ್ತಿದೆ? ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೃಷಿ ಕಾರ್ಮಿಕ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಾಗಿ ಇರುವ ಕೇಂದ್ರದ ಸಾಗರೋತ್ತರ ವೇತನ ಇಡೀ ದೇಶಕ್ಕೆ ವರ್ಷಕ್ಕೆ 125. 2025ರ ಸಾಲಿನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲು 40 ಮಂದಿಗಷ್ಟೇ ಪತ್ರ ಕೊಟ್ಟು, ಉಳಿದವರಿಗೆ ಹಣ ಒದಗಿದರೆ ಎಂದರು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು 2022ರಲ್ಲಿ ನಿಲ್ಲಿಸಿದರು. ಗಿರಣಿ ಕಾರ್ಮಿಕನ, ಸಣ್ಣ ವ್ಯಾಪಾರಿಯ ಮಗುವಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಅದೇ ಹೊತ್ತಿನಲ್ಲಿ, ಹಣವುಳ್ಳವನು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಹೊರಗೆ ಕಳಿಸಬಹುದು. 2024-25ರಲ್ಲಿ ಹೀಗೆ ಓದಿಗಾಗಿ ದೇಶ ಬಿಟ್ಟ ಹಣ ಸುಮಾರು 292 ಕೋಟಿ ಡಾಲರ್, ಅಂದರೆ 25 ಸಾವಿರ ಕೋಟಿ ರೂಪಾಯಿಗೆ ಹತ್ತಿರ.

ಇಷ್ಟೊಂದು ಹಣವನ್ನು ಜನ ಏಕೆ ಹೊರಗೆ ಸುರಿಯುತ್ತಾರೆ? ಇಲ್ಲಿ ಒಳ್ಳೆಯ ಸರ್ಕಾರಿ ಸೀಟುಗಳು ಸಾಲದು, ಇದ್ದ ಕಾಲೇಜುಗಳಲ್ಲಿ ಅಧ್ಯಾಪಕರು ಸಾಲದು, ಓದಿದವನಿಗೆ ತಕ್ಕ ಕೆಲಸ ಸಾಲದು. ಆ ರೋಗಕ್ಕೆ ಔಷಧ ವಿಮಾನ ನಿಲ್ದಾಣದಲ್ಲಿ ಇಲ್ಲ. ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ಸಾಗರೋತ್ತರ ವೇತನಗಳ ಸಂಖ್ಯೆ ಹೆಚ್ಚಲಿ. ಹಣ ತರಗತಿ ಆರಂಭವಾಗುವ ಮುನ್ನ ಕೈಸೇರಲಿ. ಸಂಘಟಿತ, ಅಸಂಘಟಿತ ಕಾರ್ಮಿಕರ ಮಕ್ಕಳಿಗೂ ಅದರಲ್ಲಿ ಪಾಲಿರಲಿ. ನಿಲ್ಲಿಸಿದ ಬಡ್ಡಿ ನೆರವು ಮರಳಿ ಬರಲಿ. ಏಜೆಂಟರು ನೋಂದಾಯಿಸಿಕೊಂಡು, ತಾವು ಪಡೆಯುವ ದಸ್ತೂರಿಯನ್ನು ಫಲಕದ ಮೇಲೆ ಬರೆಯಬೇಕೆಂಬ ಕಾನೂನಾಗಲಿ. ಪ್ರತಿ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಉಚಿತ ಸಲಹೆ ಸಿಗಲಿ. ಎಲ್ಲಕ್ಕಿಂತ ಮೊದಲು ನಮ್ಮ ಸರ್ಕಾರಿ ಕಾಲೇಜುಗಳ ಖಾಲಿ ಹುದ್ದೆಗಳು ತುಂಬಲಿ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ಮಗ ಮಗಳೊಡನೆ ಕಾಗದ, ಪೆನ್ನು ಹಿಡಿದು ಒಟ್ಟಿಗೆ ಕುಳಿತು ಲೆಕ್ಕ ಹಾಕಿ. ಮನೆಯ ಆದಾಯವನ್ನು ಅವರಿಂದ ಮುಚ್ಚಿಡಬೇಡಿ. ಅವರ ಆಸೆಯನ್ನು ಗದರಿ ಅಡಗಿಸಬೇಡಿ. ನೆರೆಮನೆಯವರು ಕಳಿಸಿದರೆಂದು ಕಳಿಸುವುದೂ ಬೇಡ, ಜನ ಏನೆಂದಾರೆಂದು ತಡೆಯುವುದೂ ಬೇಡ. ವಿದ್ಯೆ ದುಡಿಯುವವರ ಮಕ್ಕಳ ಹಕ್ಕು. ಆ ಹಕ್ಕಿನ ಬೆಲೆಗೆ ಅಪ್ಪನ ಮನೆಯನ್ನು ಹರಾಜಿಗೆ ಇಡಬೇಕಾದ ವ್ಯವಸ್ಥೆ ಬದಲಾಗುವವರೆಗೆ ನಾವು ಸುಮ್ಮನಿರಲಾಗದು.