ಅಡುಗೆಮನೆಯ ಕಬೋರ್ಡಿಗೆ ಆಯಿಲ್ ಪೇಂಟ್ ಬೇಡ

ಗೋಡೆಯ ಬಣ್ಣಕ್ಕೆ ನಾಲ್ಕು ಜನರನ್ನು ಕೇಳುವವರೂ ಅಡುಗೆಮನೆಯ ಕಬೋರ್ಡಿಗೆ ಏನು ಹಚ್ಚಬೇಕೆಂಬುದನ್ನು ಪೇಂಟರ್‌ಗೇ ಬಿಟ್ಟುಬಿಡುತ್ತಾರೆ. ಆತ ರೂಢಿಯಂತೆ ಟರ್ಪೆಂಟೈನ್ ಬೆರೆಸಿದ ಆಯಿಲ್ ಪೇಂಟ್ ಬಳಿದು ಹೋಗುತ್ತಾನೆ. ಮುಂಬಯಿಯ ಮನೆಗಳಿಗೆ ಇದು ತಕ್ಕ ಆಯ್ಕೆಯಲ್ಲ, ನೀರು ಬೆರೆಸಿ ಹಚ್ಚುವ ಎನಾಮೆಲ್ಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಯಿಲ್ ಪೇಂಟ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಚ್ಚಿ ತಿಂಗಳುಗಳು ಕಳೆದರೂ ಈ ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿಯೇ ಬಿಳಿ ಬಣ್ಣ ಹಳದಿಗೆ ತಿರುಗುವುದು, ಬೆಳಕು ಬೀಳದ ಕಡೆ ಇನ್ನೂ ಬೇಗ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆಯೇ ಕಾಣುವ ಅಡುಗೆಮನೆಗಳು ಈ ಊರಲ್ಲಿ ಎಷ್ಟಿಲ್ಲ! ವಾಸನೆಯ ಮಾತಂತೂ ಬೇರೆಯೇ. ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಬಣ್ಣ ಆರುವ ತನಕ ಮಕ್ಕಳನ್ನೂ ಮುದುಕರನ್ನೂ ಎಲ್ಲಿಗೆ ಕಳಿಸುವುದು?

ಆಯಿಲ್ ಪೇಂಟ್ ಹೆಚ್ಚು ಗಟ್ಟಿ, ಬೆಲೆಯೂ ಕಡಿಮೆ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ನೀರಿನ ಎನಾಮೆಲ್ ಮುಟ್ಟಿದರೆ ಒಣಗಿದಂತಿದ್ದರೂ ಮೊದಲ ಕೆಲವು ವಾರ ಮೆತ್ತಗಿರುತ್ತದೆ. ಆಗ ತಿಕ್ಕಿ ಒರೆಸಬಾರದು. ಆ ಅವಧಿ ದಾಟಿದ ಮೇಲೆ ಒಳ್ಳೆಯ ದರ್ಜೆಯದು ದಿನನಿತ್ಯದ ಒರೆಸುವಿಕೆಯನ್ನು ತಾಳಿಕೊಳ್ಳುತ್ತದೆ. ಇನ್ನು ಬೆಲೆ: ಕಬೋರ್ಡ್ ಬಾಗಿಲುಗಳಿಗೆ ಹಿಡಿಯುವ ಬಣ್ಣವೇ ಸ್ವಲ್ಪ, ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದು. ಬಣ್ಣ ಏಳುವುದಕ್ಕೆ ಹೆಚ್ಚಾಗಿ ಕಾರಣ ಡಬ್ಬಿಯಲ್ಲ, ಅವಸರ. ಒಲೆಯ ಅಕ್ಕಪಕ್ಕದ ಬಾಗಿಲುಗಳ ಮೇಲೆ ಒಗ್ಗರಣೆಯ ಜಿಡ್ಡು ಕೂತಿರುತ್ತದೆ. ಅದನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಸ್ಯಾಂಡ್ ಪೇಪರ್ ಉಜ್ಜಿ, ಪ್ರೈಮರ್ ಹಚ್ಚದಿದ್ದರೆ ಯಾವ ಬಣ್ಣವೂ ಹಿಡಿಯದು. ಹಳೆಯ ಆಯಿಲ್ ಪೇಂಟಿನ ಹೊಳಪು ತೆಗೆಯದೆ ನೀರಿನದನ್ನು ಬಳಿದರೆ ಸಿಪ್ಪೆಯಂತೆ ಏಳುತ್ತದೆ. ಉಜ್ಜುವಾಗಲೂ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದಿರಬಹುದು; ಒದ್ದೆ ಮಾಡಿಯೇ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಸನ್‌ಮೈಕಾ ಅಂಟಿಸಿದರೆ ಈ ರಗಳೆಯೇ ಇಲ್ಲವಲ್ಲ ಎಂದರೆ, ಹೊಸ ಕಬೋರ್ಡ್ ಮಾಡಿಸುವವರಿಗೆ ಅದು ಒಪ್ಪತಕ್ಕ ಮಾತು. ಇರುವುದನ್ನೇ ಉಳಿಸಿಕೊಳ್ಳುವವರು ಸಿಂಕಿನ ಕೆಳಗಿನ ಬಾಗಿಲನ್ನು ಬಗ್ಗಿ ನೋಡಲಿ. ಅದರ ತಳದ ಅಂಚಿಗೆ ಬಹಳ ಕಡೆ ಬಣ್ಣವೇ ತಾಗಿರುವುದಿಲ್ಲ. ತೊಟ್ಟಿಕ್ಕಿದ ನೀರು ಅಲ್ಲಿಂದಲೇ ಒಳಸೇರಿ ಪ್ಲೈವುಡ್ ಉಬ್ಬುತ್ತದೆ. ಬಾಗಿಲು ಬಿಚ್ಚಿ ಅಂಚಿಗೆ ಎರಡು ಕೈ ಬಳಿಯುವಂತೆ ಪೇಂಟರ್‌ಗೆ ಮೊದಲೇ ಹೇಳಬೇಕು. ಕಾಲವನ್ನೂ ನೋಡಬೇಕು. ಗಣಪತಿ ಹಬ್ಬಕ್ಕೆಂದು ಮಳೆಗಾಲದಲ್ಲೇ ಎಲ್ಲವನ್ನೂ ಮುಗಿಸುವ ಆತುರ ಇಲ್ಲಿ ಸಾಮಾನ್ಯ. ಆದರೆ ತೇವ ತುಂಬಿದ ಗಾಳಿಯಲ್ಲಿ ನೀರಿನ ಬಣ್ಣ ಸರಿಯಾಗಿ ಆರುವುದಿಲ್ಲ. ಹಬ್ಬಕ್ಕೆ ಬಾಗಿಲುಗಳನ್ನು ತೊಳೆದಿಟ್ಟರೆ ಸಾಕು, ಬಣ್ಣ ದೀಪಾವಳಿಯ ಹೊತ್ತಿಗಿರಲಿ.