ಗುರ್ಲಾಪುರ ಕ್ರಾಸ್ ಅನ್ಯಗ್ರಹವಲ್ಲ

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇವೆ. ನಾವು ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಬೈಕು ಓಡಿಸಿಕೊಂಡು, ಸ್ಟೋರಿಗೆ ಇಷ್ಟು ಅಂತ ದುಡ್ಡು ಎಣಿಸಿಕೊಂಡು ಬದುಕುವ ಸ್ಟ್ರಿಂಗರ್‌ಗಳು.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ನಾವು ಲೋಳಸೂರ ಸೇತುವೆಯ ಈಚೆ ನಿಂತು ಮೊಬೈಲಿನಲ್ಲಿ ನಾಲ್ಕು ನಿಮಿಷದ ವಿಡಿಯೊ ಮಾಡಿದ್ದೆವು. ಅದರಲ್ಲಿ ಒಬ್ಬ ಅಜ್ಜಿ ಮಾತಾಡಿದ್ದಳು. ಎಮ್ಮೆಯ ಹಗ್ಗ ಬಿಚ್ಚಿ ಬಿಟ್ಟು ಬಂದದ್ದು, ರೇಷನ್ ಕಾರ್ಡು ಪತ್ರಾಸಿನ ಪೆಟ್ಟಿಗೆಯಲ್ಲೇ ಉಳಿದದ್ದು, ರಾತ್ರಿ ಯಾರೂ ಬಂದು ಹೇಳದೇ ಇದ್ದದ್ದು, ಎಲ್ಲ ಹೇಳಿದಳು. ವಿಡಿಯೊ ಒಂದು ಚಾನೆಲ್ಲಿಗೆ ಹೋಯಿತು. ಸಂಜೆ ಪ್ರಸಾರವಾದಾಗ ಅದು ಮೂವತ್ತೈದು ಸೆಕೆಂಡಿನದಾಗಿತ್ತು. ಅಜ್ಜಿಯ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ದನಿಯ ಜಾಗದಲ್ಲಿ 'ಭ್ರಾಂ' ಎಂಬ ಭಾರೀ ಸದ್ದು, ನಡುವೆ ಕಪ್ಪು ಪರದೆ, ಮತ್ತೆ 'ಭ್ರಾಂ', ಕೊನೆಗೆ ಬೆಂಕಿ ಹತ್ತಿದಂಥ ಅಕ್ಷರಗಳಲ್ಲಿ 'ಜಲಪ್ರಳಯ'. ಎರಡು ದಿನದ ಮೇಲೆ ಪರಿಹಾರ ಕೇಂದ್ರದಲ್ಲಿ ಯಾರದೋ ಮೊಬೈಲಿನಲ್ಲಿ ಅದನ್ನು ನೋಡಿದ ಅಜ್ಜಿ ನಮ್ಮನ್ನು ಕರೆದು ಕೇಳಿದಳು: "ನಾ ಹೇಳಿದ್ದೆಲ್ಲಾ ಎಲ್ಲಿ ಹೋತೋ ತಮ್ಮಾ? ಬರೇ ಢಂ ಢಂ ಅನ್ನಾಕತ್ತೈತಿ."

ಉತ್ತರ ಕೊಡಲಿಲ್ಲ. ಆ ತಿಂಗಳ ದುಡ್ಡು ತಗೊಂಡೆವು. ಅಷ್ಟೇ ಅಲ್ಲ, ಮುಂದಿನ ವಿಡಿಯೊಗಳಿಗೆ ನಾವೇ ಆ ಸದ್ದು ಹಾಕಿ ಕಳಿಸುವುದನ್ನು ಕಲಿತೆವು. ಡೆಸ್ಕಿನವರಿಗೆ ಕೆಲಸ ಕಡಿಮೆಯಾಯಿತು, ನಮಗೆ ಶಹಬ್ಬಾಸ್ ಸಿಕ್ಕಿತು.

ಆ ಸದ್ದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಸಿಗುವುದು ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಟ್ರೈಲರು. 2010ರ 'ಇನ್‌ಸೆಪ್ಶನ್' ಚಿತ್ರದ ಟ್ರೈಲರುಗಳಲ್ಲಿ ಹಿತ್ತಾಳೆ ವಾದ್ಯಗಳ ಆ ತಗ್ಗು ಶ್ರುತಿಯ ಮೊಳಗು ಜನಪ್ರಿಯವಾಯಿತು. ಆಮೇಲೆ ಗ್ರಹ ಒಡೆಯಲಿ, ರೋಬೋ ಏಳಲಿ, ಊರು ಮುಳುಗಲಿ, ಎಲ್ಲದಕ್ಕೂ ಅದೇ. ಈಗ ನಮ್ಮ ಹೊಳೆಗೂ ಅದೇ. ಡಿಪ್ಲೊಮಾ ಓದುವಾಗ ಟ್ರೈಲರ್ ಎಂದರೆ ಮನರಂಜನೆ, ನಮ್ಮ ಪಾಠಕ್ಕೆ ಸಂಬಂಧವಿಲ್ಲ ಎಂದು ಬಿಟ್ಟಿದ್ದೆವು. ಇವತ್ತು ಜಿಲ್ಲೆಯ ಸುದ್ದಿಯ ವ್ಯಾಕರಣ ಬರೆಯುತ್ತಿರುವುದೇ ಟ್ರೈಲರು. ಆದ್ದರಿಂದ ಅದನ್ನು ಬಿಚ್ಚಿ ನೋಡೋಣ.

ಮೊದಲು ಸದ್ದು. ಟ್ರೈಲರಿನ ಸದ್ದಿನಲ್ಲಿ ಸಾಮಾನ್ಯವಾಗಿ ಮೂರು ಕೆಲಸ ನಡೆಯುತ್ತವೆ. ಒಂದು, ಮೆಲ್ಲಗೆ ಶುರುವಾಗಿ ಏರುತ್ತ ಹೋಗುವ ಶ್ರುತಿ. ಎಡಿಟರ್‌ಗಳು ಇದನ್ನು ರೈಸರ್ ಅನ್ನುತ್ತಾರೆ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬರುವ ಸುಯ್ ಶಬ್ದದ ಹಾಗೆ. ಎರಡು, ಅರೆಕ್ಷಣದ ಪೂರ್ಣ ಮೌನ. ಮೂರು, ಹೊಡೆತ. ಏರುವ ಶ್ರುತಿ ಕೇಳಿದ ತಕ್ಷಣ ನಮ್ಮ ಮೈ ಏನೋ ಆಗಲಿದೆ ಎಂದು ಕಾಯತೊಡಗುತ್ತದೆ. ಏನು ಆಗಲಿದೆ ಎಂಬುದನ್ನು ಸದ್ದು ಹೇಳುವುದಿಲ್ಲ. ಹೇಳದೇ ಇರುವುದೇ ಅದರ ಬಲ. 1979ರ 'ಏಲಿಯನ್' ಚಿತ್ರದ ಟ್ರೈಲರ್ ನೋಡಿ. ಒಂದು ಮಾತೂ ಇಲ್ಲ. ಒಂದು ಮೊಟ್ಟೆ ಬಿರಿಯುತ್ತದೆ, ಆಮೇಲೆ ಸೈರನ್ನಿನಂಥ ಒಂದು ಕೀರಲು ಮತ್ತೆ ಮತ್ತೆ ಬರುತ್ತದೆ. ಕಥೆ ಏನೆಂದು ತಿಳಿಯುವುದಿಲ್ಲ, ಭಯ ಮಾತ್ರ ತಿಳಿಯುತ್ತದೆ. ಸಿನಿಮಾ ಮಾರುವವನಿಗೆ ಅಷ್ಟು ಸಾಕು.

ಹೊಳೆ ದಂಡೆಯವನಿಗೆ ಸಾಕೇ? ಅವನಿಗೆ ಭಯ ಮೊದಲೇ ಇದೆ. ಅವನಿಗೆ ಬೇಕಾದದ್ದು ಲೆಕ್ಕ. ಹಿಡಕಲ್‌ನಿಂದ ಈಗ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ಹಿರಣ್ಯಕೇಶಿ ಎಷ್ಟು ತರುತ್ತಿದೆ, ಮಾರ್ಕಂಡೇಯ ಎಷ್ಟು ಕೂಡಿಸುತ್ತಿದೆ, ಆ ನೀರು ಧೂಪದಾಳ ದಾಟಿ ಲೋಳಸೂರಿಗೆ ಎಷ್ಟು ತಾಸಿನಲ್ಲಿ ಬರುತ್ತದೆ, ದನ ಯಾವಾಗ ಬಿಚ್ಚಬೇಕು. ಟ್ರೈಲರಿನ ಸದ್ದು ಹಾಕಿದ ಸುದ್ದಿಯಲ್ಲಿ ಈ ಲೆಕ್ಕಕ್ಕೆ ಜಾಗವೇ ಇರುವುದಿಲ್ಲ. ಇನ್ನೊಂದು ತಮಾಷೆ ನೋಡಿ. ಆ ತಗ್ಗು ಶ್ರುತಿಯನ್ನು ದೊಡ್ಡ ಥಿಯೇಟರಿನ ಸ್ಪೀಕರಿಗೆಂದು ಮಾಡಿದ್ದು. ನಮ್ಮ ಜನ ಸುದ್ದಿ ನೋಡುವುದು ಮೊಬೈಲಿನ ಬೆರಳಗಲದ ಸ್ಪೀಕರಿನಲ್ಲಿ. ಅದರಲ್ಲಿ ತಗ್ಗು ಶ್ರುತಿ ಸರಿಯಾಗಿ ಬರುವುದೇ ಇಲ್ಲ. ಬರದಿದ್ದಕ್ಕೆ ಎಡಿಟರ್ ಇನ್ನಷ್ಟು ಜೋರು ಮಾಡುತ್ತಾನೆ. ಕೊನೆಗೆ ಉಳಿಯುವುದು ಗರಗರ ಶಬ್ದ, ಸಾಯುವುದು ಅಜ್ಜಿಯ ಮಾತು.

ಈಗ ಕ್ಯಾಮೆರಾ. ವೈಜ್ಞಾನಿಕ ಕಲ್ಪನೆಯ ಟ್ರೈಲರಿಗೆ ಗಾತ್ರ ಬೇಕು. ಚೌಕಟ್ಟಿನ ಕೆಳಗೆ ಇರುವೆಯಷ್ಟು ಮನುಷ್ಯ, ಮೇಲೆ ಆಕಾಶ ತುಂಬುವ ವಸ್ತು. 2024ರ 'ಕಲ್ಕಿ 2898 ಎಡಿ' ಟ್ರೈಲರಿನಲ್ಲಿ ಕಾಶಿಯ ಮೇಲೆ ತಲೆಕೆಳಗಾದ ಪಿರಮಿಡ್ಡಿನಂತೆ ನಿಂತಿರುವ ಕಾಂಪ್ಲೆಕ್ಸನ್ನು ತೋರಿಸುವುದು ಹೀಗೆಯೇ. ಮನುಷ್ಯ ಸಣ್ಣವನಾದಷ್ಟೂ ಆ ಲೋಕ ದೊಡ್ಡದಾಗುತ್ತದೆ. ಸಿನಿಮಾಕ್ಕೆ ಇದು ನ್ಯಾಯ. ಆ ಲೋಕವನ್ನು ಕಟ್ಟಲು ದುಡ್ಡು ಸುರಿದಿದ್ದಾರೆ, ತೋರಿಸಬೇಕು.

ನಾವು ಇದನ್ನು ಎಲ್ಲಿ ಬಳಸಿದೆವು? 2019ರ ಅಕ್ಟೋಬರ್‌ನಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲಿನ ದೊಡ್ಡ ಬಂಡೆಗಳು ಮಳೆಗೆ ಸಡಿಲವಾಗಿ ಊರ ಮೇಲೆ ಉರುಳುವ ಭಯ ಹುಟ್ಟಿತು. ಎನ್‌ಡಿಆರ್‌ಎಫ್ ತಂಡ ಬಂತು. ನಾವು ಮಾಡಿದ್ದೇನು? ಕೆಳಗಿನಿಂದ ಮೇಲಕ್ಕೆ ಕ್ಯಾಮೆರಾ ಎತ್ತಿ, ಬಂಡೆಯನ್ನು ಭೂಮಿಗೆ ಅಪ್ಪಳಿಸಲು ಬರುವ ಉಲ್ಕೆಯಂತೆ ತೋರಿಸಿದೆವು. 1998ರ 'ಆರ್ಮಗೆಡ್ಡನ್' ಚಿತ್ರದ ಪ್ರಚಾರದವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಗುಡ್ಡದ ಬುಡದ ಮನೆಗಳ ಜನ ಆ ರಾತ್ರಿ ಎಲ್ಲಿ ಮಲಗಿದರು, ಕೂಲಿಗೆ ಹೋದರೋ ಇಲ್ಲವೋ, ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಳ್ಳುವ ಸ್ಥಿತಿ ಯಾಕೆ ಬಂತು ಎಂಬುದು ನಮ್ಮ ಚೌಕಟ್ಟಿನ ಹೊರಗೇ ಉಳಿಯಿತು. ಉಲ್ಕೆಗೆ ಕಾರಣ ಕೇಳುವ ಹಾಗಿಲ್ಲ, ಅದು ಆಕಾಶದಿಂದ ಬರುತ್ತದೆ. ಬಂಡೆಗೆ ಕಾರಣ ಕೇಳಬಹುದಿತ್ತು.

ಹುಕ್ಕೇರಿ ಕಡೆ ಬನ್ನಿ. 51 ಟಿಎಂಸಿ ಅಡಿ ನೀರು ಹಿಡಿಯುವ ಹಿಡಕಲ್ ಜಲಾಶಯ ಬೇಸಿಗೆಯಲ್ಲಿ ತಳ ಕಂಡಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ನೀರಿನಿಂದ ಮೇಲೆ ಬರುತ್ತದೆ. ಡ್ರೋನ್ ಇರುವವರಿಗೆಲ್ಲ ಅದು ಹಬ್ಬ. ಬಿರುಕು ಬಿಟ್ಟ ನೆಲದ ಮೇಲಿಂದ ಕ್ಯಾಮೆರಾ ಜಾರಿ ಬರುತ್ತದೆ, ಬಣ್ಣ ತೆಗೆದು ನೀಲಿ-ಕಿತ್ತಳೆ ಬಳಿಯುತ್ತಾರೆ, ಕಲ್ಲಿನ ಗುಡಿ ಮೆಲ್ಲಗೆ ಕಾಣಿಸುತ್ತದೆ. 1968ರ 'ಪ್ಲಾನೆಟ್ ಆಫ್ ದಿ ಏಪ್ಸ್' ಚಿತ್ರದ ಕೊನೆಯಲ್ಲಿ ಸಮುದ್ರದ ದಂಡೆಯಲ್ಲಿ ಹೂತ ಲಿಬರ್ಟಿ ಪ್ರತಿಮೆ ಕಾಣುವ ಹಾಗೆಯೇ. ಮಾನವಕುಲ ಮುಗಿದ ಮೇಲಿನ ಅವಶೇಷ! ಆದರೆ ಹುನ್ನೂರಿನ ಜನ ಮುಗಿದಿಲ್ಲ. ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಮನೆತನಗಳು ಇದೇ ಸುತ್ತಿನಲ್ಲಿ ಇವೆ. ಗುಡಿ ಮೇಲೆ ಬಂದಾಗ ಮುದುಕರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ನಮ್ಮ ಮನಿ ಇಲ್ಲಿತ್ತು ನೋಡು ಅನ್ನುತ್ತಾರೆ. ಆ ಬೆರಳು ತೋರುವ ಶಾಟ್ ಡ್ರೋನಿಗೆ ಸಿಗುವುದಿಲ್ಲ. ಕಾಲ ಮೇಲೆ ನಿಂತವನಿಗೆ ಮಾತ್ರ ಸಿಗುತ್ತದೆ.

ಮೂರನೆಯದು ಕತ್ತರಿ. ಟ್ರೈಲರಿನ ಎಡಿಟಿಂಗ್‌ಗೆ ಈಗ ಒಂದು ಸಿದ್ಧ ಅಚ್ಚು ಇದೆ. ನಿಧಾನ ಆರಂಭ, ನಡುವೆ ಅಪಾಯದ ಸುಳಿವು, ಆಮೇಲೆ ಒಂದೊಂದು ಶಾಟ್ ಅರೆ ಸೆಕೆಂಡಿಗಿಂತ ಕಡಿಮೆಯಾಗುವ ಓಟ, ಕೊನೆಗೆ ಹೆಸರು. ಓಟದ ಭಾಗದಲ್ಲಿ ಯಾವ ಶಾಟ್ ಯಾವುದರಿಂದ ಹುಟ್ಟಿತು ಎಂಬ ಸಂಬಂಧ ಇರುವುದಿಲ್ಲ. ಓಡುವ ಜನ, ಬೆಂಕಿ, ಕಣ್ಣು, ಮತ್ತೆ ಓಡುವ ಜನ. ನೋಡುವವನೇ ಸಂಬಂಧ ಕಲ್ಪಿಸಿಕೊಳ್ಳುತ್ತಾನೆ. ಎರಡು ಶಾಟ್‌ಗಳನ್ನು ಪಕ್ಕ ಇಟ್ಟರೆ ಮೂರನೆಯ ಅರ್ಥ ಹುಟ್ಟುತ್ತದೆ ಎಂದು ರಷ್ಯಾದ ಕುಲೆಶೋವ್ ನೂರು ವರ್ಷದ ಹಿಂದೆಯೇ ತೋರಿಸಿದ್ದ.

ಉಪೇಂದ್ರ ಅವರ 'ಯುಐ' ಚಿತ್ರಕ್ಕೆ 2024ರ ಡಿಸೆಂಬರ್‌ನಲ್ಲಿ 'ವಾರ್ನರ್' ಎಂಬ ಹೆಸರಿನಲ್ಲಿ ಬಂದ ತುಣುಕು 2040ರ ಲೋಕ ತೋರಿಸುತ್ತದೆ. ಹಸಿದ ಜನಜಂಗುಳಿ, ಎದುರಿಗೆ ಆಯುಧ ಹಿಡಿದ ಅಧಿಕಾರ. ಅಲ್ಲಿ ಗುಂಪಿಗೆ ಮುಖವಿಲ್ಲ, ಇರಬೇಕಾಗಿಯೂ ಇಲ್ಲ. ಅದು ಒಂದು ರೂಪಕ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲು-ರಾತ್ರಿ ಕುಳಿತಾಗ ಅದೇ ರೂಪಕವನ್ನು ಅವರ ಮೇಲೆ ಹೇರಲಾಯಿತು. ಮೇಲಿನಿಂದ ಡ್ರೋನ್, ಹಸಿರು ಶಾಲುಗಳ ಸಮುದ್ರ, 'ಭ್ರಾಂ', ಮುಷ್ಟಿ, ಟಯರು, 'ಭ್ರಾಂ'. ನೋಡಿದವರಿಗೆ ಏನೋ ದೊಡ್ಡ ಗಲಾಟೆ ಎಂದು ತಿಳಿಯಿತು. ಯಾತಕ್ಕೆ ಎಂದು ತಿಳಿಯಿತೇ? ಅವರು ಕೇಳಿದ್ದು ಟನ್ನಿಗೆ 3,500 ರೂಪಾಯಿ. ಕೊನೆಗೆ ಸರ್ಕಾರ ಹೇಳಿದ್ದು 3,300. ನಡುವಿನ ಇನ್ನೂರು ರೂಪಾಯಿಯಲ್ಲಿ ಒಂದು ಮನೆತನದ ವರ್ಷದ ಲೆಕ್ಕ ಇದೆ. ಕಟಾವು ಕೂಲಿ, ಸಾಗಾಟ, ರಿಕವರಿ, ತೂಕದ ಮೇಲಿನ ಅನುಮಾನ, ಬಾಕಿ ಬಿಲ್ಲು. ಇದನ್ನೆಲ್ಲ ಬಿಡಿಸಿ ಹೇಳಬಲ್ಲ ಹತ್ತಾರು ಜನ ಆ ಪೆಂಡಾಲಿನಲ್ಲಿ ಕುಳಿತಿದ್ದರು. ಅವರ ಮುಂದೆ ಮೈಕು ಹಿಡಿಯಲು ಎರಡು ನಿಮಿಷ ಬೇಕಿತ್ತು. ಟ್ರೈಲರಿನ ಅಚ್ಚಿನಲ್ಲಿ ಎರಡು ನಿಮಿಷದ ಮಾತು ಹಿಡಿಸುವುದಿಲ್ಲ. ಬೇಡಿಕೆ ಇದ್ದ ಜನ ಬರೇ ಗುಂಪಾದರು. ಮುಖವಿಲ್ಲದ ಗುಂಪನ್ನು ನೋಡಿದವನಿಗೆ ಹುಟ್ಟುವುದು ಹೆದರಿಕೆ. ಆ ಹೆದರಿಕೆಯಿಂದ ಯಾರಿಗೆ ಲಾಭ ಎಂದು ನಾವು ಬಿಡಿಸಿ ಹೇಳಬೇಕಿಲ್ಲ.

ನಮ್ಮ ವಾದಕ್ಕೆ ಸಿಗುವ ಉತ್ತರ ನಮಗೆ ಗೊತ್ತು. ಹೀಗೆ ಮಾಡದಿದ್ದರೆ ಯಾರೂ ನೋಡುವುದಿಲ್ಲ, ಹೆಬ್ಬೆರಳು ಮೇಲೆ ಸರಿಸಿಬಿಡುತ್ತಾರೆ, ವ್ಯೂಸ್ ಇಲ್ಲದಿದ್ದರೆ ನಿಮ್ಮ ಮನೆ ನಡೆಯುವುದು ಹೇಗೆ? ಇದು ಸುಳ್ಳಲ್ಲ. ನಮ್ಮ ಮನೆಗಳೂ ಅದರಿಂದಲೇ ನಡೆದಿವೆ. ಆದರೆ ನೋಡಿದವರು ಯಾರು, ಎಷ್ಟು ಸಲ? 2021ರಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿದಾಗ ನಮ್ಮದೇ 2019ರ ದೃಶ್ಯಗಳು ಹೊಸ ಸದ್ದಿನೊಡನೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದವು. ಯಾವುದು ಈ ವರ್ಷದ್ದು ಎಂದು ಊರವರಿಗೇ ಗೊತ್ತಾಗಲಿಲ್ಲ. ಟ್ರೈಲರಿನ ರೀತಿಯಲ್ಲಿ ಕತ್ತರಿಸಿದ ಪ್ರವಾಹಕ್ಕೆ ತಾರೀಖೇ ಇರುವುದಿಲ್ಲ, ಅದಕ್ಕೇ ಅದನ್ನು ಮತ್ತೆ ಮತ್ತೆ ಮಾರಬಹುದು. ನಿಜವಾದ ಎಚ್ಚರಿಕೆ ಬಂದಾಗಲೂ ಜನ "ಟಿವಿಯವರದ್ದು ಯಾವಾಗ್ಲೂ ಇದ್ದದ್ದ ಬಿಡ್ರಿ" ಅನ್ನತೊಡಗಿದ್ದಾರೆ. ಈ ಅಪನಂಬಿಕೆಯ ಬೆಲೆ ಒಂದು ದಿನ ಜೀವದಲ್ಲಿ ಕೊಡಬೇಕಾಗುತ್ತದೆ.

ಟ್ರೈಲರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಟ್ರೈಲರ್ ಪ್ರಾಮಾಣಿಕ. ತಾನು ಟಿಕೆಟ್ ಮಾರಲು ಬಂದಿದ್ದೇನೆ ಎಂದು ಅದು ಮುಚ್ಚಿಡುವುದಿಲ್ಲ. ಒಳ್ಳೆಯ ಟ್ರೈಲರುಗಳಿಂದ ಕಲಿಯುವುದೂ ಇದೆ. ಇದೇ 'ಯುಐ' ಚಿತ್ರದ 2023ರ ಸೆಪ್ಟೆಂಬರ್‌ನ ಟೀಸರಿನಲ್ಲಿ ಚಿತ್ರವೇ ಇರಲಿಲ್ಲ. ಕತ್ತಲೆ ಪರದೆ, ಬರೀ ಶಬ್ದ, ಉಳಿದದ್ದು ಕೇಳುವವನ ಕಲ್ಪನೆಗೆ. ಶಬ್ದವನ್ನು ಅಷ್ಟು ನಂಬಿದ ಧೈರ್ಯ ನಮಗಿದ್ದರೆ ಅಜ್ಜಿಯ ದನಿಯನ್ನು ಒರೆಸುತ್ತಿದ್ದೆವೇ? 'ಇಂಟರ್‌ಸ್ಟೆಲರ್' ಚಿತ್ರದ ಮೊದಲ ಟೀಸರ್ ನೋಡಿ. ಹೆಚ್ಚಿನದೆಲ್ಲ ಹಳೆಯ ನೈಜ ದೃಶ್ಯಗಳು, ಒಬ್ಬನ ಶಾಂತ ದನಿ, ಗೋವಿನಜೋಳದ ಹೊಲದ ನಡುವೆ ಹೋಗುವ ಒಂದು ಗಾಡಿ. 2014ರಲ್ಲಿ ತೆರೆಕಂಡ ಆ ಸಿನಿಮಾದೊಳಗೆ ಧೂಳಿನ ಬಗ್ಗೆ ಮಾತಾಡುವ ಕೆಲವು ಮುದುಕರು ನಟರಲ್ಲ. 1930ರ ದಶಕದಲ್ಲಿ ಅಮೆರಿಕದ ಬಯಲುಗಳನ್ನು ಮುಚ್ಚಿದ ಧೂಳನ್ನು ಕಂಡುಂಡವರು. ಕೆನ್ ಬರ್ನ್ಸ್ ಅವರ ಸಾಕ್ಷ್ಯಚಿತ್ರದಿಂದ ಆ ಮಾತುಗಳನ್ನು ತೆಗೆದುಕೊಂಡಿದ್ದಾರೆ. ಭವಿಷ್ಯದ ಕಥೆ ಹೇಳುವವನು ಜನ ನಂಬಲಿ ಎಂದು ವರದಿಗಾರನ ಬಳಿ ಬಂದು ಬೈಟ್ ಕೇಳುತ್ತಾನೆ. ಬೈಟ್ ಕೈಯಲ್ಲೇ ಇರುವ ನಾವು ಅದನ್ನು ಮ್ಯೂಟ್ ಮಾಡಿ ಅವನ ಸದ್ದು ಸಾಲ ತರುತ್ತೇವೆ.

ಹಾಗಾಗಿ ನಾವು ನಮ್ಮಷ್ಟಕ್ಕೆ ಕೆಲವು ಕಟ್ಟಳೆ ಹಾಕಿಕೊಂಡಿದ್ದೇವೆ. ಮಾತಾಡುವ ಮನುಷ್ಯನ ಮೇಲೆ ಸಂಗೀತ ಹಾಕುವುದಿಲ್ಲ. ಹೊಳೆಯ ಸದ್ದು, ಪೆಂಡಾಲಿನ ಸದ್ದು, ಇದ್ದದ್ದು ಇದ್ದ ಹಾಗೆ ಇರುತ್ತದೆ. ಮೊದಲ ಶಾಟಿನಲ್ಲೇ ಊರು, ತಾರೀಖು, ಹೊತ್ತು ಬರೆಯುತ್ತೇವೆ. ಹಳೆಯ ದೃಶ್ಯವಾದರೆ ಹಳೆಯದು ಎಂದು ದೊಡ್ಡದಾಗಿ ಹಾಕುತ್ತೇವೆ. ಒಂದು ಡ್ರೋನ್ ಶಾಟಿಗೆ ಕನಿಷ್ಠ ಒಂದು ಮುಖ, ಆ ಮುಖಕ್ಕೆ ಅವರು ಒಪ್ಪಿದರೆ ಹೆಸರು, ಒಂದು ಪೂರ್ಣ ವಾಕ್ಯ. ಡೆಸ್ಕಿಗೆ ಕಳಿಸುವಾಗ, ಬೈಟ್ ಕತ್ತರಿಸಿದರೂ ಪರವಾಗಿಲ್ಲ, ದನಿ ತೆಗೆಯಬೇಡಿ ಎಂದು ಬರೆದು ಕಳಿಸುತ್ತೇವೆ. ಕೇಳದಿದ್ದರೆ ಪೂರ್ತಿ ವಿಡಿಯೊವನ್ನು ನಮ್ಮ ಪುಟದಲ್ಲಿ ಹಾಕುತ್ತೇವೆ. ಇದರಿಂದ ಒಂದೆರಡು ಕಡೆ ಕೆಲಸ ಹೋಗಬಹುದು, ಅದೂ ಗೊತ್ತು.

ಪತ್ರಿಕೋದ್ಯಮ ಕಲಿಸುವವರಿಗೆ ಒಂದು ಮಾತು. ನಿಮ್ಮ ತರಗತಿಗೆ ನಾಳೆಯೇ ಒಂದು ಟ್ರೈಲರ್ ತನ್ನಿ. ಮೊದಲು ಸದ್ದು ಮುಚ್ಚಿ ತೋರಿಸಿ, ಆಮೇಲೆ ಚಿತ್ರ ಮುಚ್ಚಿ ಕೇಳಿಸಿ. ನಂತರ ಅದೇ ವಾರದ ಒಂದು ಜಿಲ್ಲಾ ಸುದ್ದಿಯ ತುಣುಕಿಗೂ ಹಾಗೆಯೇ ಮಾಡಿ. ಸದ್ದು ತೆಗೆದ ಮೇಲೆ ಸುದ್ದಿಯಲ್ಲಿ ಏನು ಉಳಿಯಿತು ಎಂದು ಹುಡುಗರು ಬರೆಯಲಿ. ನಮಗೆ ಯಾರೂ ಆ ಪಾಠ ಮಾಡಲಿಲ್ಲ. ನಾವು ಅದನ್ನು ಪರಿಹಾರ ಕೇಂದ್ರದಲ್ಲಿ ಕಲಿತೆವು.

ಆ ನಾಲ್ಕು ನಿಮಿಷದ ಮೂಲ ವಿಡಿಯೊ ನಮ್ಮ ಹಳೆಯ ಮೆಮರಿ ಕಾರ್ಡಿನಲ್ಲಿ ಇನ್ನೂ ಇದೆ. ಕಳೆದ ತಿಂಗಳು ತೆಗೆದು ಕೇಳಿದೆವು. ಎರಡನೇ ನಿಮಿಷದಲ್ಲಿ ಅಜ್ಜಿ, ನೀರು ಯಾವ ಹೊತ್ತಿಗೆ ಯಾವ ಓಣಿಗೆ ಬಂತು ಎಂದು ಒಂದೊಂದಾಗಿ ಹೇಳುತ್ತಾಳೆ. ಅವತ್ತು ಕೆಳಗಿನ ಊರುಗಳವರು ಅದನ್ನು ಕೇಳಿದ್ದರೆ ಉಪಯೋಗವಾಗುತ್ತಿತ್ತು.